ಔಷಧಿ ಹೊಡೆಯುವ ಮುನ್ನ: ಪಾಲಿಹೌಸ್‌ನಲ್ಲಿ ಗೆಲ್ಲುವವರ 7 ಸೂತ್ರಗಳು

ಬಿಎಸ್ಸಿ ಅಗ್ರಿ ಮುಗಿಸಿ ದೊಡ್ಡಬಳ್ಳಾಪುರದ ಕಡೆ ಪಾಲಿಹೌಸ್ ಸೂಪರ್‌ವೈಸರ್ ಆಗಿದ್ದೀರಾ? ಸಾಲ ಮಾಡಿ ಸ್ವಂತ ಕ್ಯಾಪ್ಸಿಕಂ ಹಾಕಿದ್ದೀರಾ? ಹಾಗಿದ್ದರೆ ಇದು ನಿಮಗೆ. ದುಡ್ಡು ಕೊಟ್ಟು ಮಿತ್ರಕೀಟ ತರಿಸಿ, ಮರುದಿನವೇ ತಪ್ಪು ಔಷಧಿ ಹೊಡೆದು ಕೊಲ್ಲುವುದು ದೊಡ್ಡ ನಷ್ಟ. ಅದನ್ನು ಪೂರ್ತಿ ತಪ್ಪಿಸಬಹುದು.

1. ತ್ರಿಕೋನದ ಬಣ್ಣಕ್ಕೆ ಮರುಳಾಗಬೇಡಿ.
ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತು ಮನುಷ್ಯರ ಸುರಕ್ಷತೆಗಾಗಿ ಹಾಕಿದ್ದು. ಹಸಿರು ಕಂಡ ಮಾತ್ರಕ್ಕೆ ಮಿತ್ರಕೀಟ ಬದುಕುತ್ತದೆ ಎಂದುಕೊಳ್ಳಬೇಡಿ. ಮಿತ್ರಕೀಟಗಳಿಗೆ ಜೈವಿಕ ನಿಯಂತ್ರಣದ ಅಂತರರಾಷ್ಟ್ರೀಯ ಸಂಸ್ಥೆ ಐಒಬಿಸಿಯ 1ರಿಂದ 4ರ ಶ್ರೇಣಿ ಇದೆ. ಬೆಳೆಯ ನಡುವೆ ನಡೆಸಿದ ಪರೀಕ್ಷೆಯಲ್ಲಿ ಶೇ 25ಕ್ಕಿಂತ ಕಡಿಮೆ ಸತ್ತರೆ 1, ಶೇ 75ಕ್ಕಿಂತ ಹೆಚ್ಚು ಸತ್ತರೆ 4. ಮಿತ್ರಕೀಟ ಮಾರುವ ಕಾಪರ್ಟ್, ಬಯೋಬೆಸ್ಟ್ ಕಂಪನಿಗಳು ಇಂಥ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿವೆ. ಇವತ್ತೇ ನೋಡಿ, ಸ್ಟೋರ್‌ನ ಪ್ರತಿ ಡಬ್ಬಿಗೂ ಅಂಕಿ ಬರೆದು ಅಂಟಿಸಿ.

2. ಬ್ರ್ಯಾಂಡ್ ಬಿಡಿ, ಟೆಕ್ನಿಕಲ್ ಹೆಸರು ಹಿಡಿಯಿರಿ.
ಒಂದೇ ವಿಷ ಹತ್ತು ಹೆಸರಲ್ಲಿ ಬರುತ್ತದೆ. ಅಂಗಡಿಯವರು ಕೊಟ್ಟಿದ್ದನ್ನು ಓದದೆ ಟ್ಯಾಂಕಿಗೆ ಸುರಿಯಬೇಡಿ.

3. ಹಳೆಯ ಸ್ಪ್ರೇಯ ಲೆಕ್ಕ ತೆಗೆಯಿರಿ.
ಹೆಚ್ಚಿನವರು ಸೋಲುವುದು ಇಲ್ಲೇ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ನಂಥ ಪೈರೆಥ್ರಾಯ್ಡ್‌ಗಳು ಎಲೆಯ ಮೇಲೆ 8ರಿಂದ 12 ವಾರ ಕೂತು ಪರಭಕ್ಷಕ ನುಸಿ ಮತ್ತು ಎನ್‌ಕಾರ್ಸಿಯಾ ಕಣಜವನ್ನು ಕೊಲ್ಲಬಲ್ಲವು. ಅಬಾಮೆಕ್ಟಿನ್ ಸುಮಾರು 2 ವಾರ ಕಾಯಿಸುತ್ತದೆ. ಕೀಟನಾಶಕ ಸೋಪು ಮೈಗೆ ತಾಗಿದರಷ್ಟೇ ಕೆಲಸ ಮಾಡುತ್ತದೆ. ಒಣಗಿದ ಮೇಲೆ ಕೀಟ ಬಿಡಬಹುದು. ಪಾಲಿಹೌಸ್‌ನಲ್ಲಿ ಮಳೆ ಬಂದು ಎಲೆ ತೊಳೆಯುವುದಿಲ್ಲ. ಮೇಲಿನ ಶೀಟು ಅತಿನೇರಳೆ ಕಿರಣ ತಡೆಯುವುದರಿಂದ ಬಿಸಿಲಿಗೆ ವಿಷ ಕರಗುವುದೂ ನಿಧಾನ. ಬಯಲಿನ ಅಂದಾಜು ಇಲ್ಲಿ ನಡೆಯದು. ಸಸಿ ತಂದ ನರ್ಸರಿಗೂ ಫೋನ್ ಮಾಡಿ, ಕಳೆದ ಮೂರು ತಿಂಗಳಲ್ಲಿ ಏನೇನು ಹೊಡೆದಿದ್ದರು ಎಂದು ಕೇಳಿ.

4. ಯಾವುದು ಯಾರಿಗೆ ವಿಷ ಎಂದು ಕಲಿಯಿರಿ.
ಬಿಟಿ ಹುಳುವಿನ ಹೊಟ್ಟೆಗೆ ಹೋದರಷ್ಟೇ ಕೊಲ್ಲುತ್ತದೆ, ಮಿತ್ರಕೀಟಗಳಿಗೆ ಸುರಕ್ಷಿತ. ಸ್ಪಿನೋಸ್ಯಾಡ್ ಜೈವಿಕ ಮೂಲದ್ದು, ಆದರೂ ಪರಾವಲಂಬಿ ಕಣಜಗಳಿಗೆ ಮಾರಕ. ಬುಪ್ರೊಫೆಜಿನ್ ಹೊಡೆದ ಮೇಲೂ ದೊಡ್ಡ ಗುಲಗಂಜಿ ಹುಳುಗಳು ಓಡಾಡಿಕೊಂಡಿರುತ್ತವೆ, ನೀವು ಸಮಾಧಾನಪಡುತ್ತೀರಿ. ಅವುಗಳ ಮರಿಗಳು ಮಾತ್ರ ಪೊರೆ ಬಿಡಲಾಗದೆ ಸಾಯುತ್ತವೆ. ಇಮಿಡಾಕ್ಲೋಪ್ರಿಡ್ ಅನ್ನು ಡ್ರಿಪ್‌ನಲ್ಲಿ ಬೇರಿಗೆ ಕೊಟ್ಟರೆ ಸೇಫ್ ಎಂಬ ನಂಬಿಕೆಯನ್ನೂ ಬಿಡಿ: ವಿಷ ಗಿಡದ ರಸಕ್ಕೇರುತ್ತದೆ, ಥ್ರಿಪ್ಸ್ ತಿನ್ನುವ ಓರಿಯಸ್ ತಿಗಣೆ ಆ ರಸವನ್ನೂ ಹೀರುತ್ತದೆ.

5. ಶಿಲೀಂಧ್ರನಾಶಕವನ್ನೂ ಪಟ್ಟಿಗೆ ಸೇರಿಸಿ.
ಮ್ಯಾಂಕೋಜೆಬ್‌ನಂಥವು ಪರಭಕ್ಷಕ ನುಸಿಗಳು ಮೊಟ್ಟೆ ಇಡುವುದನ್ನು ಕಡಿಮೆ ಮಾಡುತ್ತವೆ. ಸಾವು ಕಾಣದು, ಸಂತತಿ ಬೆಳೆಯದು.

6. ಭಯ ಬಂದಾಗ ಭೂತಗನ್ನಡಿ ತೆಗೆಯಿರಿ.
ನಾಲ್ಕು ಎಲೆ ಬಿಳಚಿದ ಕೂಡಲೇ ಪಂಪು ಹೆಗಲಿಗೇರಿಸುವುದು ಬರೀ ಅಭ್ಯಾಸ. ಮುರಿಯಿರಿ. ಎಲೆ ತಿರುಗಿಸಿ. ಮೈಮೇಲೆ ಎರಡು ಕಪ್ಪು ಚುಕ್ಕೆ ಹೊತ್ತು ನಿಧಾನ ತೆವಳುವುದು ಶತ್ರು ನುಸಿ. ಚುರುಕಾಗಿ ಓಡಾಡುವ ಹೊಳಪಿನ ಕಿತ್ತಳೆ ಬಣ್ಣದ್ದು ಫೈಟೊಸಿಯುಲಸ್, ನಿಮ್ಮ ಸ್ನೇಹಿತ. ಎರಡೂ ಒಟ್ಟಿಗಿದ್ದರೆ ಕೈ ತಡೆಯಿರಿ, ಎರಡು ದಿನ ಬಿಟ್ಟು ಮತ್ತೆ ಎಣಿಸಿ. ನೆದರ್ಲೆಂಡ್ಸ್‌ನ ಸೌತೆ ಬೆಳೆಗಾರ ಯಾನ್ ಕಾಪರ್ಟ್ ಇದೇ ಪುಟ್ಟ ನುಸಿಯನ್ನು ನಂಬಿ 1967ರಲ್ಲಿ ಕಂಪನಿ ಕಟ್ಟಿದರು. ನಮ್ಮಲ್ಲೂ ದಾರಿ ಇದೆ: ನುಸಿ ತಿನ್ನುವ ಬ್ಲಾಪ್ಟೊಸ್ಟೆಥಸ್ ತಿಗಣೆಯನ್ನು ರಾಶಿಗಟ್ಟಲೆ ಬೆಳೆಸುವ ವಿಧಾನವನ್ನು ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೃಷಿ ಕೀಟ ಸಂಶೋಧನಾ ಸಂಸ್ಥೆ ಎನ್‌ಬಿಎಐಆರ್ ರೂಪಿಸಿದೆ. ಅಲ್ಲಿಗೆ ಹೋಗಿ ವಿಚಾರಿಸಿ.

7. ಹೊಡೆಯಲೇಬೇಕಾದರೆ ಜಾಗ ನೋಡಿ ಹೊಡೆಯಿರಿ.
ನುಸಿ ಸಾಮಾನ್ಯವಾಗಿ ಬಾಗಿಲ ಬಳಿ, ಬಿಸಿ ಹೆಚ್ಚಿರುವ ಅಂಚಿನಲ್ಲಿ ಗುಂಪಾಗಿ ಶುರುವಾಗುತ್ತದೆ. ಆ ಗಿಡಗಳಿಗೆ ರಿಬ್ಬನ್ ಕಟ್ಟಿ, ಅಷ್ಟಕ್ಕೇ ಸಿಂಪಡಿಸಿ. ಉಳಿದ ಸಾಲುಗಳಲ್ಲಿ ಬದುಕಿದ ಮಿತ್ರಕೀಟ ವಿಷ ಇಳಿದ ಮೇಲೆ ಅಲ್ಲಿಗೂ ಹರಡುತ್ತದೆ. ದಿನಾಂಕ, ಟೆಕ್ನಿಕಲ್ ಹೆಸರು, ಸಾಲಿನ ನಂಬರ್, ಮತ್ತೆ ಕೀಟ ಬಿಡಬಹುದಾದ ದಿನ, ಈ ನಾಲ್ಕನ್ನೂ ಬಾಗಿಲ ಬೋರ್ಡಿನಲ್ಲಿ ಬರೆಯಿರಿ, ಸ್ಪ್ರೇ ಹೊಡೆಯುವ ಕೆಲಸದವರಿಗೂ ಓದಿ ಹೇಳಿ.