ಲಾರಿಯ ಮೀಟರ್ ಬೋರ್ಡ್ ಬದಲಾಗುವಾಗ ಕಾಗದದಲ್ಲಿ ಏನಿರಬೇಕು

ಹಳೆಯ ಲಾರಿಯ ಮೀಟರ್ ಬೋರ್ಡ್ ಕೆಟ್ಟರೆ ಅದರ ರಿಪೇರಿ ಯಾವಾಗಲೂ ಪಟ್ಟಿಯ ಕೊನೆಗೇ ಹೋಗುತ್ತದೆ. ಟೈರು, ಕ್ಲಚ್ ಪ್ಲೇಟು, ಇನ್ಶೂರೆನ್ಸ್, ಫೈನಾನ್ಸ್ ಕಂತು ಎಲ್ಲ ಮುಗಿದ ಮೇಲೆ ಕೈಯಲ್ಲಿ ನಾಲ್ಕು ಕಾಸು ಉಳಿದರೆ ನೋಡೋಣ ಅನ್ನುವ ಲೆಕ್ಕ. ಸ್ಪೀಡ್ ಮುಳ್ಳು ಆಡದಿದ್ದರೂ ಗಾಡಿ ಓಡುತ್ತದೆ, ಬಾಡಿಗೆ ಬರುತ್ತದೆ. ಆದರೆ ಅದೇ ಬೋರ್ಡಿನಲ್ಲಿ ಏರ್ ಗೇಜ್ ಇದೆ, ಗಾಳಿ ಇಳಿದಾಗ ಹೊತ್ತಿಕೊಳ್ಳುವ ಕೆಂಪು ದೀಪ ಇದೆ, ಆಯಿಲ್ ಪ್ರೆಷರ್ ಮತ್ತು ಎಂಜಿನ್ ಬಿಸಿಯ ಮುಳ್ಳುಗಳಿವೆ. ಏರ್ ಬ್ರೇಕಿನ ಲಾರಿ ನಿಲ್ಲುವುದೇ ಟ್ಯಾಂಕಿನಲ್ಲಿ ಗಾಳಿ ಇದ್ದರೆ. ಚಾರ್ಮಾಡಿ ಘಾಟಿ ಇಳಿಯುವಾಗ ಗಾಳಿ ಎಷ್ಟಿದೆ ಎಂದು ಡ್ರೈವರಿಗೆ ಗೊತ್ತಾಗದೆ ಹೋದರೆ ಅದನ್ನು ಬರೀ ಮೀಟರ್ ಕೆಟ್ಟಿದೆ ಎಂದು ತಳ್ಳಿಹಾಕುವ ಹಾಗಿಲ್ಲ. ಹಾಗಾಗಿ ಈ ಕೆಲಸವನ್ನು ಮುಂದೂಡಬೇಡಿ. ಮಾಡಿಸುವಾಗ ಬಾಯಿಮಾತಿನಲ್ಲಿ ಮಾಡಿಸಬೇಡಿ. ಈ ಲೇಖನದ ಹೆಚ್ಚಿನ ಭಾಗ ಇರುವುದು ಎರಡನೆಯ ಮಾತಿನ ಬಗ್ಗೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 117ನೇ ನಿಯಮದ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಎಲ್ಲ ಮೋಟಾರು ವಾಹನಗಳಲ್ಲೂ ಚಾಲಕನಿಗೆ ವೇಗ ತೋರಿಸುವ ಸ್ಪೀಡೋಮೀಟರ್ ಇರಬೇಕು. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಕೊಡುವಾಗ 62ನೇ ನಿಯಮದಡಿ ನಡೆಯುವ ತಪಾಸಣೆಯಲ್ಲಿ ಡ್ಯಾಶ್‌ಬೋರ್ಡಿನ ಸಾಧನಗಳನ್ನೂ ಸ್ಪೀಡೋಮೀಟರನ್ನೂ ನೋಡಲಾಗುತ್ತದೆ. ಎಂಟು ವರ್ಷದೊಳಗಿನ ಸಾರಿಗೆ ವಾಹನಕ್ಕೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ, ಎಂಟು ದಾಟಿದ ಮೇಲೆ ಪ್ರತಿ ವರ್ಷ. ಅಂದರೆ ಹಳೆಯ ಲಾರಿಯ ಮಾಲೀಕನಿಗೆ ಈ ಪ್ರಶ್ನೆ ವರ್ಷ ವರ್ಷವೂ ಎದುರಾಗುತ್ತದೆ. ಇದರ ಜೊತೆಗೆ ಮೋಟಾರು ವಾಹನ ಕಾಯ್ದೆಯ 190(1)ನೇ ಕಲಂ ಇದೆ. ಅಪಾಯ ತರುವಂಥ ದೋಷವಿದೆ ಎಂದು ತಿಳಿದೂ, ಅಥವಾ ಸಾಮಾನ್ಯ ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿದ್ದರೂ, ಅಂಥ ವಾಹನವನ್ನು ರಸ್ತೆಗೆ ತರುವುದು ಅಪರಾಧ. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಶಿಕ್ಷೆ ಜೈಲಿನವರೆಗೂ ಹೋಗಬಹುದು. ಗಾಳಿಯ ಮುಳ್ಳು ಸತ್ತ ಲಾರಿ ಈ ಕಲಮಿನ ಹತ್ತಿರಕ್ಕೆ ಬಂದು ನಿಲ್ಲುತ್ತದೆ.

ಎಫ್‌ಸಿ ಕೊಡಲು ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಿರಿ. "ಹೋಗಿ, ಸರಿ ಮಾಡಿಸ್ಕೊಂಡು ಬನ್ನಿ" ಎಂಬ ಮಾತು ಆದೇಶವಲ್ಲ. ಲಿಖಿತ ಆದೇಶ ಕೈಗೆ ಬಂದ ದಿನದಿಂದ 30 ದಿನಗಳೊಳಗೆ ಕಾಯ್ದೆಯ 57ನೇ ಕಲಮಿನಡಿ ಮೇಲ್ಮನವಿ ಹಾಕುವ ಹಕ್ಕು ಮಾಲೀಕನಿಗಿದೆ. ಕೆಟ್ಟಿರುವುದು ನಿಜವೇ ಆಗಿದ್ದರೆ ಮೇಲ್ಮನವಿಗಿಂತ ರಿಪೇರಿಯೇ ಲೇಸು. ಆದರೆ ಬೋರ್ಡ್ ಬದಲಾಗಿದೆ ಎಂಬ ಒಂದೇ ಕಾರಣಕ್ಕೆ ನಿರಾಕರಿಸಿದರೆ ಸುಮ್ಮನೆ ತಲೆಬಾಗಬೇಕಿಲ್ಲ.

ಏಕೆಂದರೆ ಬೋರ್ಡ್ ಬದಲಾಯಿಸುವುದು ಕಾನೂನುಬಾಹಿರವಲ್ಲ. 52ನೇ ಕಲಂ ನಿಷೇಧಿಸುವುದು ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂಥ ಮಾರ್ಪಾಡನ್ನು. ಕೆಟ್ಟ ಮೀಟರಿನ ಜಾಗಕ್ಕೆ ಅದೇ ಮಾದರಿಯ ಮೀಟರ್ ಕೂರಿಸಿದರೆ ಆರ್‌ಸಿಯ ಯಾವ ವಿವರವೂ ಬದಲಾಗುವುದಿಲ್ಲ. ಕಷ್ಟ ಹುಟ್ಟುವುದು ಓಡೋಮೀಟರಿನ ಕಿಲೋಮೀಟರಿನಲ್ಲಿ. ಹೊಸ ಬೋರ್ಡ್ ಸೊನ್ನೆಯಿಂದ ಶುರುವಾಗುತ್ತದೆ. ಗುಜರಿಯಿಂದ ತಂದ ಬೋರ್ಡ್ ಬೇರೆ ಯಾವುದೋ ಲಾರಿಯ ಓಟವನ್ನು ತೋರಿಸುತ್ತದೆ. ಎರಡೂ ನಿಮ್ಮ ಗಾಡಿಯ ಲೆಕ್ಕವಲ್ಲ. ಹಳೆಯ ಐದಂಕಿಯ ಮೀಟರುಗಳಂತೂ 99,999 ಮುಗಿದೊಡನೆ ಮತ್ತೆ ಸೊನ್ನೆಗೆ ಬರುತ್ತವೆ, ಅಲ್ಲಿ ಕಾಣುವ ಸಂಖ್ಯೆ ಮೊದಲೇ ಅರ್ಧ ಸತ್ಯ. ಇದನ್ನು ಬಚ್ಚಿಡದೆ ಬರೆದಿಟ್ಟವನಿಗೆ ಕಾನೂನಿನ ಭಯವಿಲ್ಲ. ಬಚ್ಚಿಟ್ಟು ಲಾರಿ ಮಾರಿದವನ ಸ್ಥಿತಿ ಬೇರೆ.

ಹೀಗೆ ಬರೆದಿಡುವ ಜಾಗ ಗ್ಯಾರೇಜಿನ ಜಾಬ್ ಕಾರ್ಡ್. ಅದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮೇಲ್ಭಾಗದಲ್ಲಿ ವಾಹನ ಸಂಖ್ಯೆ, ತಾರೀಖು, ಪಕ್ಕದಲ್ಲಿ "ಕಿ.ಮೀ." ಎಂದೊಂದು ಚಿಕ್ಕ ಚೌಕ. ಮೀಟರ್ ಕೆಟ್ಟ ಗಾಡಿ ಬಂದಾಗ ಗ್ಯಾರೇಜಿನ ಹುಡುಗ ಆ ಚೌಕದಲ್ಲಿ ಒಂದು ಅಡ್ಡಗೆರೆ ಎಳೆದು ಮುಂದೆ ಹೋಗುತ್ತಾನೆ. ಆ ಅಡ್ಡಗೆರೆಯನ್ನು ಒಪ್ಪಬೇಡಿ. ಅಲ್ಲಿ ಇಂಥ ಒಕ್ಕಣೆ ಇರಲಿ: "ಹಳೆಯ ಮೀಟರ್ ನಿಂತಾಗ ತೋರಿಸಿದ ಓಟ 6,84,210 ಕಿ.ಮೀ. ಇಂಥ ತಾರೀಖಿನಂದು ಅದನ್ನು ತೆಗೆದು, ಇಂಥ ಕ್ರಮಸಂಖ್ಯೆಯ ಹೊಸ ಮೀಟರ್ ಅಳವಡಿಸಲಾಗಿದೆ. ಅಳವಡಿಸಿದಾಗ ಹೊಸ ಮೀಟರಿನ ಓಟ 0 ಕಿ.ಮೀ." ಕೆಳಗೆ ಗ್ಯಾರೇಜಿನ ಸೀಲು, ಸಹಿ. ಬಿಚ್ಚುವ ಮೊದಲು ಹಳೆಯ ಬೋರ್ಡಿನ, ಕೂರಿಸಿದ ಮೇಲೆ ಹೊಸ ಬೋರ್ಡಿನ ಫೋಟೋ ಫೋನಿನಲ್ಲಿ ತೆಗೆದಿಡಿ. ಎರಡರಲ್ಲೂ ಸಂಖ್ಯೆ ಓದುವಂತಿರಲಿ. ಮೀಟರ್ ನಿಂತು ತಿಂಗಳುಗಳೇ ಆಗಿದ್ದರೆ ಅದನ್ನೂ ಬರೆಸಿ. ಹಳೆಯ ಜಾಬ್ ಕಾರ್ಡುಗಳು, ಟ್ರಿಪ್ ಶೀಟುಗಳಿದ್ದರೆ ನಡುವಿನ ಓಟವನ್ನು ಅಂದಾಜು ಮಾಡಿ, "ಅಂದಾಜು" ಎಂದೇ ನಮೂದಿಸಿ. ಇದಕ್ಕೆ ಹಿಡಿಯುವುದು ಐದು ನಿಮಿಷ. ಮುಂದೆ ವಿಮೆ, ಮಾರಾಟ, ಗ್ರಾಹಕ ಆಯೋಗ, ಎಲ್ಲಿಗೇ ಹೋದರೂ ನಿಮ್ಮ ಪರವಾಗಿ ನಿಲ್ಲುವುದು ಈ ಕಾಗದ.

ಬದಲಾಯಿಸಿದ್ದನ್ನು ಮುಚ್ಚಿಟ್ಟು, "ಬರೀ ಎರಡು ಲಕ್ಷ ಓಡಿದೆ" ಎಂದು ನಂಬಿಸಿ ಲಾರಿ ಮಾರಿದರೆ ಅದು ವಂಚನೆ. ಮೊದಲು ಭಾರತೀಯ ದಂಡ ಸಂಹಿತೆಯ 420 ಎಂದು ಎಲ್ಲರಿಗೂ ಗೊತ್ತಿದ್ದ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318(4)ನೇ ಕಲಮಿನಲ್ಲಿದೆ, ಶಿಕ್ಷೆ ಏಳು ವರ್ಷದವರೆಗೆ. ಹಳೆಯ ಲಾರಿ ಕೊಳ್ಳುವವರಿಗೂ ಒಂದು ಮಾತು. ಮಾರಾಟ ಕರಾರಿನಲ್ಲಿ ಮೀಟರ್ ಓಟ ಎಷ್ಟು, ಬೋರ್ಡ್ ಎಂದಾದರೂ ಬದಲಾಗಿದೆಯೇ ಎಂಬ ಸಾಲನ್ನು ಸೇರಿಸಲು ಒತ್ತಾಯಿಸಿ. ಸಹಿ ಹಾಕಲು ಹಿಂಜರಿಯುವ ಬ್ರೋಕರ್ ಅಲ್ಲೇ ನಿಮಗೆ ಉತ್ತರ ಕೊಟ್ಟಂತೆ. ಹಳೆಯ ವಾಹನಗಳ ಅಧಿಕೃತ ಡೀಲರುಗಳಿಗೆ 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮಗಳಿವೆ. ತಮ್ಮ ವಶದಲ್ಲಿರುವ ವಾಹನ ಯಾವ ಕೆಲಸಕ್ಕೆ ಹೋಯಿತು, ಯಾರು ಓಡಿಸಿದರು, ಎಷ್ಟು ಓಡಿತು ಎಂಬುದನ್ನು ಅವರು ಎಲೆಕ್ಟ್ರಾನಿಕ್ ರಿಜಿಸ್ಟರಿನಲ್ಲಿ ದಾಖಲಿಸಬೇಕು. ಅದನ್ನು ತೋರಿಸಿ ಎಂದು ಕೇಳಿ.

ಬೋರ್ಡ್ ಎಲ್ಲಿಂದ ತರುವುದು? ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ಸ್ ಅಂಗಡಿಯಾಗಲಿ, ನಿಮ್ಮೂರಿನ ಗುಜರಿಯಾಗಲಿ, ಬಿಲ್ ಇಲ್ಲದೆ ತರಬೇಡಿ. ಪ್ಯಾಕೆಟ್ಟಿನಲ್ಲಿ ಬರುವ ಹೊಸ ಬಿಡಿಭಾಗದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ, ಗ್ರಾಹಕ ದೂರಿನ ಸಂಪರ್ಕ ಇರಬೇಕು ಎಂದು 2011ರ ಪೊಟ್ಟಣ ಸರಕುಗಳ ನಿಯಮಗಳು ಹೇಳುತ್ತವೆ. ಸೆಕೆಂಡ್ಸ್ ಬೋರ್ಡ್ ಆದರೆ ಬಿಲ್ಲಿನಲ್ಲಿ "ಬಳಸಿದ್ದು" ಎಂದೂ, ತಂದಾಗ ಎಷ್ಟು ಕಿಲೋಮೀಟರ್ ತೋರಿಸುತ್ತಿತ್ತೆಂದೂ ಇರಲಿ. ಆ ಬೋರ್ಡ್ ಕಳವಿನ ಗಾಡಿಯದು ಎಂದು ಮುಂದೊಂದು ದಿನ ಗೊತ್ತಾದರೆ, ನೀವು ಒಳ್ಳೆಯ ನಂಬಿಕೆಯಿಂದ ಕೊಂಡಿರಿ ಎಂದು ತೋರಿಸುವುದು ಆ ಬಿಲ್ಲೇ. ಇನ್ನೊಂದು ಎಚ್ಚರ. ಹೆಚ್ಚಿನ ದೊಡ್ಡ ಲಾರಿಗಳ ವೈರಿಂಗ್ 24 ವೋಲ್ಟಿನದು, ಅದಕ್ಕೆ 12 ವೋಲ್ಟಿನ ಭಾಗ ಕೂರಿಸಿದರೆ ಸುಟ್ಟುಹೋಗಬಹುದು. ಗೇರ್‌ಬಾಕ್ಸಿನ ಸೆನ್ಸರಿಗೂ ಟೈರಿನ ಅಳತೆಗೂ ಹೊಂದದ ಬೋರ್ಡ್ ತಪ್ಪು ವೇಗ ತೋರಿಸುತ್ತದೆ. ಸ್ಪೀಡ್ ಗವರ್ನರ್ ಇರುವ ಗಾಡಿಯಾದರೆ ಬೋರ್ಡ್ ಬದಲಾದ ಮೇಲೂ ಅದು ಕೆಲಸ ಮಾಡುತ್ತಿದೆಯೇ ಎಂದು ಓಡಿಸಿ ನೋಡಿ, "ಪರೀಕ್ಷಿಸಿದೆ" ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ.

ಗ್ಯಾರೇಜಿನ ಜೊತೆಗಿನ ವ್ಯವಹಾರದಲ್ಲಿ ಜನ ಹೆಚ್ಚು ಸೋಲುವುದು ಬಿಲ್ಲಿನ ವಿಷಯದಲ್ಲೇ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ 2(47)ನೇ ಕಲಮಿನ ಪ್ರಕಾರ ಮಾಡಿದ ಕೆಲಸಕ್ಕೋ ಮಾರಿದ ವಸ್ತುವಿಗೋ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನಗಳೊಳಗೆ, ವಾಪಸ್ ಪಡೆದು ಹಣ ಹಿಂದಿರುಗಿಸಲು ಒಪ್ಪದಿರುವುದೂ ಅದೇ ಪಟ್ಟಿಯಲ್ಲಿದೆ. ಆದ್ದರಿಂದ ಹೊಸ ಬೋರ್ಡ್ ಕೂರಿಸಿದ ವಾರಕ್ಕೇ ಮುಳ್ಳು ನಿಂತರೆ, "ಎಲೆಕ್ಟ್ರಿಕಲ್ ಐಟಂಗೆ ಗ್ಯಾರಂಟಿ ಇಲ್ಲ" ಎಂಬ ಅಂಗಡಿಯವನ ಮಾತು ಕೇಳಿ ಹಿಂದಿರುಗಬೇಡಿ. ಲಿಖಿತವಾಗಿ ದೂರು ಕೊಟ್ಟು, ಸ್ವೀಕೃತಿ ಪಡೆಯಿರಿ.

ಕೆಲಸ ಹಾಳಾದಾಗ ಗ್ಯಾರೇಜಿನವರು ಲಾರಿಯನ್ನೇ ಹಿಡಿದಿಟ್ಟುಕೊಳ್ಳುವುದುಂಟು. ಇಲ್ಲಿ ಎರಡೂ ಕಡೆಯ ಹಕ್ಕು ತಿಳಿದಿರಬೇಕು. 1872ರ ಕರಾರು ಕಾಯ್ದೆಯ 170ನೇ ಕಲಮಿನಡಿ, ತಾನು ಶ್ರಮ ಹಾಕಿ ಮಾಡಿದ ಕೆಲಸದ ಕೂಲಿ ಬರುವವರೆಗೆ ಆ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕು ಮೆಕ್ಯಾನಿಕ್‌ಗೆ ಇದೆ. ಆದರೆ ಅದು ಆ ಕೆಲಸದ ಕೂಲಿಗೆ ಮಾತ್ರ. ಹೋದ ವರ್ಷದ ಎಂಜಿನ್ ಕೆಲಸದ ಬಾಕಿಗೋ, ನಿಮ್ಮ ಇನ್ನೊಂದು ಲಾರಿಯ ಬಾಕಿಗೋ ಈ ಲಾರಿಯನ್ನು ಹಿಡಿದಿಡುವಂತಿಲ್ಲ, ಬೇರೆ ಕರಾರು ಮಾಡಿಕೊಂಡಿದ್ದರೆ ಹೊರತು. ಗಾಡಿ ಅವರ ವಶದಲ್ಲಿರುವಷ್ಟು ದಿನ ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟೇ ಜಾಗ್ರತೆಯಿಂದ ಅದನ್ನು ನೋಡಿಕೊಳ್ಳಬೇಕಾದ ಹೊಣೆ 151ನೇ ಕಲಮಿನಡಿ ಅವರದು. ಜಗಳ ಕೂಲಿಯ ಮೊತ್ತದ ಬಗ್ಗೆ ಇದ್ದರೆ "ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ" ಎಂದು ಬರೆದು ಹಣ ಕೊಟ್ಟು ಗಾಡಿ ಬಿಡಿಸಿಕೊಳ್ಳಿ. ನಿಂತ ಲಾರಿಯ ಬಾಡಿಗೆ ನಷ್ಟ ದಿನ ದಿನಕ್ಕೂ ಬೆಳೆಯುತ್ತದೆ, ಹಣದ ಜಗಳವನ್ನು ಆಮೇಲೂ ಆಡಬಹುದು. ತೆಗೆದ ಹಳೆಯ ಬೋರ್ಡ್ ನಿಮ್ಮ ಆಸ್ತಿ. ಕೇಳಿ ತೆಗೆದುಕೊಳ್ಳಿ.

"ಲಾರಿ ವ್ಯಾಪಾರದ ವಾಹನ, ನೀವು ಗ್ರಾಹಕರೇ ಅಲ್ಲ" ಎಂಬ ವಾದ ಗ್ರಾಹಕ ಆಯೋಗದ ಪ್ರಕರಣಗಳಲ್ಲಿ ಮೊದಲು ಬರುತ್ತದೆ. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕೆಂದೇ ಕೊಂಡು ಬಳಸುವ ಸರಕು ವಾಣಿಜ್ಯ ಉದ್ದೇಶದ್ದಲ್ಲ ಎಂದು ಗ್ರಾಹಕ ರಕ್ಷಣಾ ಕಾಯ್ದೆಯ ವಿವರಣೆಯೇ ಹೇಳುತ್ತದೆ. ತಾನೇ ಓಡಿಸಲು ಲಾರಿ ಕೊಂಡವನು ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಡ್ರೈವರನ್ನು ಇಟ್ಟುಕೊಂಡ ಮಾತ್ರಕ್ಕೆ ಆ ಸ್ಥಾನ ಹೋಗುವುದಿಲ್ಲ ಎಂದು 2009ರ ಮದನ್ ಕುಮಾರ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಹಾಗಾಗಿ ದೂರಿನ ಮೊದಲ ಪುಟದಲ್ಲೇ ಈ ಲಾರಿಯ ದುಡಿಮೆಯೇ ನನ್ನ ಕುಟುಂಬದ ಜೀವನೋಪಾಯ ಎಂದು ಬರೆಯಿರಿ, ಸಾಲದ ಕಂತಿನ ದಾಖಲೆ, ಪರ್ಮಿಟ್, ಲೈಸೆನ್ಸಿನ ಪ್ರತಿ ಲಗತ್ತಿಸಿ. ಹತ್ತಾರು ಲಾರಿಗಳ ಸಾರಿಗೆ ಸಂಸ್ಥೆಗೆ ಈ ದಾರಿ ಕಷ್ಟ, ಅವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾಗಬಹುದು.

ದೂರು ಕೊಡುವ ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡಿ. ಎಷ್ಟೋ ವ್ಯಾಜ್ಯಗಳು ಅಲ್ಲೇ ಬಗೆಹರಿಯುತ್ತವೆ. ಆಗದಿದ್ದರೆ ಗ್ಯಾರೇಜಿಗೆ ಸ್ಪೀಡ್ ಪೋಸ್ಟ್‌ನಲ್ಲಿ 15 ದಿನಗಳ ಗಡುವಿನ ನೋಟಿಸು ಕಳಿಸಿ. ಮುಂದಿನ ಹೆಜ್ಜೆ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ. ಕೆಲಸ ನಡೆದದ್ದು ಹುಬ್ಬಳ್ಳಿಯಲ್ಲಾದರೂ ನೀವು ಚಿತ್ರದುರ್ಗದಲ್ಲಿ ವಾಸವಾಗಿದ್ದರೆ ಚಿತ್ರದುರ್ಗದಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ಕೊಟ್ಟ ದೊಡ್ಡ ಅನುಕೂಲ ಇದು. ನೀವು ಪಾವತಿಸಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಮೀಟರ್ ಬೋರ್ಡಿನ ಪ್ರಕರಣಗಳು ಇದನ್ನು ದಾಟುವುದೇ ಇಲ್ಲ. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಕೀಲರು ಕಡ್ಡಾಯವಲ್ಲ. ಬೋರ್ಡಿನಲ್ಲೇ ದೋಷವೋ ಅಳವಡಿಸಿದ ರೀತಿಯಲ್ಲೋ ಎಂಬ ವಿವಾದವಿದ್ದರೆ ಅದನ್ನು ಪ್ರಯೋಗಾಲಯಕ್ಕೆ ಕಳಿಸುವಂತೆ ಕೋರಬಹುದು. ಅದಕ್ಕಾಗಿ ಆ ಬೋರ್ಡನ್ನು ಬೇರೆ ಯಾರಿಂದಲೂ ಬಿಚ್ಚಿಸದೆ ಹಾಗೆಯೇ ಇಟ್ಟಿರಬೇಕು.

ವಿಮೆಯ ವಿಷಯ ಚಿಕ್ಕದು. ತನ್ನಷ್ಟಕ್ಕೆ ಸುಟ್ಟ ಅಥವಾ ಸವೆದ ಬೋರ್ಡಿಗೆ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರವಿಲ್ಲ. ಅಪಘಾತ, ಬೆಂಕಿ, ನೆರೆಯಲ್ಲಿ ಹಾಳಾದರೆ ಇದೆ, ಪ್ಲಾಸ್ಟಿಕ್ ಭಾಗಗಳಿಗೆ ಶೇ. 50 ಸವಕಳಿ ಕಳೆದು. ಸರ್ವೇಯರ್ ನೋಡುವ ಮೊದಲು ಬೋರ್ಡ್ ಬಿಚ್ಚಿದರೆ ಕ್ಲೇಮು ಕೈತಪ್ಪಬಹುದು. ವಾಹನವನ್ನು ಸುಸ್ಥಿತಿಯಲ್ಲಿಡಬೇಕು ಎಂಬುದು ಪಾಲಿಸಿಯ ಷರತ್ತೂ ಹೌದು, ಮೀಟರ್ ಸತ್ತ ಲಾರಿಯ ದೊಡ್ಡ ಕ್ಲೇಮಿನಲ್ಲಿ ಕಂಪನಿ ಇದನ್ನೇ ಎತ್ತಬಹುದು. ಕಂಪನಿ ಒಪ್ಪದಿದ್ದರೆ ಕಾಯಂ ಲೋಕ ಅದಾಲತ್ತಿಗೂ ಹೋಗಬಹುದು, ವಿಮಾ ಸೇವೆ ಅದರ ವ್ಯಾಪ್ತಿಗೆ ಬರುತ್ತದೆ.

ಗ್ರಾಹಕ ಆಯೋಗಕ್ಕೆ ದೂರು ಕೊಡಲು ಕಾಲಮಿತಿ, ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ದೂರು ಬರೆಯಲು ನೆರವು ಬೇಕಾದವರು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯ ಕಚೇರಿಗೆ ಹೋಗಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಹೋಗುವಾಗ ಜಾಬ್ ಕಾರ್ಡ್, ಬಿಲ್, ಎರಡು ಫೋಟೋಗಳ ಪ್ರಿಂಟ್, ಕಳಿಸಿದ ನೋಟಿಸಿನ ಪ್ರತಿ ಮತ್ತು ಅಂಚೆ ರಸೀದಿ ಕೈಯಲ್ಲಿರಲಿ.