ಲಕ್ವದ ನಂತರದ ಊಟ: ರುಚಿ ನಮ್ಮದೇ ಇರಲಿ

ವರ್ಗವಾಗಿ ಕೋಲ್ಕತ್ತಕ್ಕೆ ಬರುವ ಕನ್ನಡದ ಮನೆಗಳಲ್ಲಿ ವಯಸ್ಸಾದ ಅಪ್ಪ ಅಮ್ಮ, ಅತ್ತೆ ಮಾವ ಜೊತೆಗೇ ಬರುವುದುಂಟು. ಅವರಲ್ಲಿ ಯಾರಿಗಾದರೂ ಲಕ್ವ (ಸ್ಟ್ರೋಕ್) ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಮಾತ್ರೆಗಳ ಲೆಕ್ಕ ಹೇಗೋ ಅರ್ಥವಾಗುತ್ತದೆ, ಏನು ಬೇಯಿಸುವುದು ಎಂಬುದು ಮಾತ್ರ ಅರ್ಥವಾಗುವುದಿಲ್ಲ. ‘ಉಪ್ಪು ಕಡಿಮೆ, ಮೆತ್ತನೆಯ ಆಹಾರ’ ಎಂದು ಡಿಸ್ಚಾರ್ಜ್ ಹಾಳೆಯಲ್ಲಿ ಒಂದು ಸಾಲು ಇರುತ್ತದೆ. ಡಯೆಟ್ ಪಟ್ಟಿಯಲ್ಲಿ ಮಾಛೇರ್ ಝೋಲ್, ಖಿಚುಡಿ, ಸುಜಿ ಇರುತ್ತವೆ. ನಮ್ಮ ಸಾರು, ಹುಳಿ, ಮುದ್ದೆ, ಅವಲಕ್ಕಿಯ ಸುದ್ದಿ ಇರುವುದಿಲ್ಲ. ಅದನ್ನು ನೋಡಿ ಗಾಬರಿಯಾಗಿ, ನಮ್ಮ ಅಡುಗೆಯನ್ನೇ ಬಿಟ್ಟು ಸಪ್ಪೆ ಗಂಜಿಗೆ ಇಳಿದುಬಿಡುತ್ತೇವೆ. ಹಾಗೆ ಮಾಡಬೇಡಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಊರಿನಲ್ಲಿ ಸ್ಟ್ರೋಕ್ ಅಪರೂಪವೇನಲ್ಲ. ಡಾ. ಶ್ಯಾಮಲ್ ಕುಮಾರ್ ದಾಸ್ ಮತ್ತು ಸಂಗಡಿಗರು 2003ರಿಂದ 2005ರವರೆಗೆ ನಗರದ 52,377 ಜನರ ನಡುವೆ ನಡೆಸಿದ ಅಧ್ಯಯನದ ಪ್ರಕಾರ, ವರ್ಷಕ್ಕೆ ಲಕ್ಷಕ್ಕೆ ಸುಮಾರು 145 ಮಂದಿಗೆ ಹೊಸದಾಗಿ ಸ್ಟ್ರೋಕ್ ಆಗುತ್ತಿತ್ತು. ಹಾಗಾದವರಲ್ಲಿ ನೂರಕ್ಕೆ 41 ಮಂದಿ 30 ದಿನಗಳೊಳಗೆ ತೀರಿಕೊಂಡಿದ್ದರು. ಕೊಳೆಗೇರಿ, ಉಳಿದ ಬಡಾವಣೆ ಎಂಬ ಭೇದ ಹೆಚ್ಚೇನೂ ಕಾಣಲಿಲ್ಲ. ಮನೆಗೆ ಮರಳಿದವರು ಅಂಥ ಗಂಡಾಂತರ ದಾಟಿ ಬಂದವರು. ಅವರ ಮುಂದಿನ ದಿನಗಳು ಬರೀ ಪಥ್ಯದಲ್ಲಿ ಕಳೆಯಬಾರದು.

ಉಪ್ಪಿಗಿಂತ ಮೊದಲು ನೋಡಬೇಕಾದ್ದು ನುಂಗುವುದನ್ನು. ಸ್ಟ್ರೋಕ್ ಆದ ಹೊಸದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ನುಂಗಲು ತೊಂದರೆ ಇರುತ್ತದೆ. ಅನ್ನ, ನೀರು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಉಣ್ಣುವಾಗ ಕೆಮ್ಮು ಬರುವುದು, ನೀರು ಕುಡಿದ ಮೇಲೆ ದನಿ ಗೊರಗೊರ ಎನ್ನುವುದು, ಸೋತ ಕಡೆಯ ಕೆನ್ನೆಯಲ್ಲಿ ತುತ್ತು ಉಳಿದುಬಿಡುವುದು, ಇವು ಅದರ ಗುರುತುಗಳು. ಕೆಲವರಿಗೆ ಕೆಮ್ಮೇ ಬಾರದೆ ಒಳಗೆ ಇಳಿಯುತ್ತದೆ. ಆದ್ದರಿಂದ ಮನೆಗೆ ಹೊರಡುವ ಮೊದಲೇ ನುಂಗುವ ಪರೀಕ್ಷೆ ಆಗಿದೆಯೇ ಎಂದು ಕೇಳಿ, ಆಗಿಲ್ಲದಿದ್ದರೆ ಮಾಡಿಸಿ.

ನಮ್ಮ ಅತ್ತೆಯವರಿಗೆ ಸ್ಟ್ರೋಕ್ ಆದಾಗ ಅವರನ್ನು ನೋಡಲು ಬಂದ ಬಂಗಾಳಿ ಸ್ಪೀಚ್ ಥೆರಪಿಸ್ಟ್ ಹುಡುಗಿ, ‘ಮಾಸಿಮಾ ಊರಿನಲ್ಲಿ ಏನು ಊಟ ಮಾಡುತ್ತಿದ್ದರು?’ ಎಂದು ಕೇಳಿದಳು. ಮುದ್ದೆ ಎಂದೆ. ಮಾಡಿ ತೋರಿಸಿ ಎಂದಳು. ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗುವುದನ್ನು ಕಣ್ಣರಳಿಸಿ ನೋಡಿ, ‘ಸದ್ಯಕ್ಕೆ ಇದು ಬೇಡವೇ ಬೇಡ’ ಎಂದಳು. ಆದರೆ ರಾಗಿಯನ್ನು ಬಿಡಿಸಲಿಲ್ಲ. ಅದೇ ಹಿಟ್ಟಿನಲ್ಲಿ, ಚಮಚ ಓರೆ ಮಾಡಿದರೆ ನೀರಿನಂತೆ ಸುರಿಯದೆ ನಿಧಾನವಾಗಿ ಜಾರುವ ಹಾಗೆ, ಗಂಟಿಲ್ಲದ ಅಂಬಲಿ ಕಾಸಿಸಿದಳು. ಮೊಸರು ಸೇರಿಸಿ ಅರ್ಧರ್ಧ ಚಮಚ ಕೊಟ್ಟು, ಪ್ರತಿ ಗುಟುಕಿಗೂ ‘ಆ’ ಎನ್ನಿಸಿ ದನಿ ಕೇಳಿದಳು. ಅತ್ತೆ ತಾವಾಗಿ ಮುಂದಿನ ಚಮಚಕ್ಕೆ ಬಾಯಿ ತೆರೆದದ್ದು ಅವತ್ತೇ.

ಅವಳಿಂದ ಕಲಿತದ್ದು ಬಹಳ. ರೋಗಿಗೆ ಒಳ್ಳೆಯದೆಂದು ನಾವು ಕೊಡುವ ತಿಳಿಸಾರೇ ಕಷ್ಟದ ಪದಾರ್ಥ, ಏಕೆಂದರೆ ನೀರಾಗಿರುವುದು ಗಂಟಲಲ್ಲಿ ಬೇಗ ಜಾರುತ್ತದೆ. ತೆಳು ಸಾಂಬಾರಿನಲ್ಲಿ ನೆನೆದ ಇಡ್ಲಿಯಲ್ಲಿ ನೀರೂ ತುಂಡೂ ಎರಡೂ ಇರುವುದರಿಂದ ಅದು ಇನ್ನೂ ಕಷ್ಟ. ಒಣ ಅವಲಕ್ಕಿ, ಉದುರು ಉಪ್ಪಿಟ್ಟು, ಇಲ್ಲಿನ ಮುಡಿ (ನಮ್ಮ ಮಂಡಕ್ಕಿ) ಬಾಯಲ್ಲಿ ಚೆದುರುತ್ತವೆ. ಚೆನ್ನಾಗಿ ಹಿಸುಕಿದ ಮೊಸರನ್ನ, ಹುಗ್ಗಿ, ಕಡಲೆಬೀಜ ಕರಿಬೇವು ಸಾಸಿವೆ ಇಲ್ಲದ ಬಿಸಿಬೇಳೆಬಾತ್ ಒಂದೇ ಹದದಲ್ಲಿ ಇಳಿಯುತ್ತವೆ. ಯಾವ ಹದ ಎನ್ನುವುದು ಒಬ್ಬೊಬ್ಬರಿಗೆ ಒಂದೊಂದು. ಥೆರಪಿಸ್ಟ್ ಹೇಳಿದ್ದೇ ಅಂತಿಮ. ನೆಟ್ಟಗೆ ಕೂರಿಸಿ ಉಣಿಸಿ, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ, ಬಾಯಿ ಶುಚಿಮಾಡಿ.

ಇನ್ನು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಎಲ್ಲ ಸೇರಿ ಒಂದು ಟೀ ಚಮಚಕ್ಕಿಂತ ಕಡಿಮೆ. ಊರಿನಿಂದ ಬರುವ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸು, ಚಟ್ನಿಪುಡಿಯ ಪಾರ್ಸೆಲ್ಲಿನಲ್ಲೇ ಅದು ಮುಗಿದುಹೋಗುತ್ತದೆ. ಉಪ್ಪು ಹಾಕದ ಸಾರಿನಪುಡಿಗೆ ಅಡ್ಡಿಯಿಲ್ಲ. ಇಂಗು, ಜೀರಿಗೆ, ಪುಡಿಮಾಡಿದ ಮೆಣಸಿಗೂ ಅಡ್ಡಿಯಿಲ್ಲ. ಇಲ್ಲಿ ಸಿಗುವ ಗಂಧರಾಜ್ ನಿಂಬೆಯ ನಾಲ್ಕು ಹನಿ ಬಿದ್ದರೆ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೊಟ್ಯಾಸಿಯಂ ಬೆರೆತ ಉಪ್ಪು ಬಳಸಿದವರಲ್ಲಿ ಸ್ಟ್ರೋಕ್ ಶೇ 14ರಷ್ಟು ಕಡಿಮೆಯಾಗಿತ್ತು. ಅವರಲ್ಲಿ ಹೆಚ್ಚಿನವರು ಮೊದಲೇ ಒಮ್ಮೆ ಸ್ಟ್ರೋಕ್ ಆದವರು. ಆದರೆ ಮೂತ್ರಪಿಂಡದ ತೊಂದರೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಅದು ಅಪಾಯ. ಡಾಕ್ಟರನ್ನು ಕೇಳದೆ ತರಬೇಡಿ.

ತರಕಾರಿಗೆ ಕೊರತೆಯಿಲ್ಲ. ಲೇಕ್ ಮಾರ್ಕೆಟ್ಟಿನಲ್ಲಿ ಕರಿಬೇವು, ಬಾಳೆಎಲೆ, ಕಾಫಿಪುಡಿ ಎಲ್ಲ ಸಿಗುತ್ತದೆ. ಯಾವ ಮಾರುಕಟ್ಟೆಗೆ ಹೋದರೂ ಲಾವು ಎಂದರೆ ಸೋರೆಕಾಯಿ, ಝಿಂಗೆ ಎಂದರೆ ಹೀರೆಕಾಯಿ, ಪುಂಯಿ ಶಾಕ್ ಎಂದರೆ ಬಸಳೆ. ಮೊಸರು ಕೇಳುವಾಗ ‘ಟೊಕ್ ದೊಯಿ’ ಎನ್ನಿ, ಬರೀ ದೊಯಿ ಎಂದರೆ ಸಿಹಿಯದ್ದನ್ನು ಕೊಟ್ಟಾರು; ಸಕ್ಕರೆ ಕಾಯಿಲೆ ಇದ್ದವರ ಮನೆಯಲ್ಲಿ ಇದು ಚಿಕ್ಕ ಮಾತಲ್ಲ. ಮೀನು ತಿನ್ನುವ ಕರಾವಳಿಯವರು ಮುಳ್ಳು ತೆಗೆದ ಭೇಟ್ಕಿ ತನ್ನಿ. ಇಲಿಶ್‌ನಲ್ಲಿ ಸಣ್ಣ ಮುಳ್ಳು ವಿಪರೀತ. ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕಿಲ್ಲ, ಒಂದು ದಿನ ಕಟ್ಟುಗಟ್ಟಲೆ ತಿಂದು ಇನ್ನೊಂದು ದಿನ ಬಿಡುವುದು ಮಾತ್ರ ಕೂಡದು.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರದ ವಿಷಯ ಮಾತು. ಬಂಗಾಳಿ ಬಾರದ ಹಿರಿಯರು, ಕನ್ನಡ ಬಾರದ ಆಯಾ, ದಿನವಿಡೀ ಇಬ್ಬರೇ ಮನೆಯಲ್ಲಿ. ಸ್ಟ್ರೋಕಿನಿಂದ ಮಾತು ತೊದಲಿದರಂತೂ ಬೇಕು ಬೇಡ ಹೇಳುವುದಕ್ಕೂ ದಾರಿಯಿಲ್ಲ. ಸ್ಟ್ರೋಕ್ ಆದವರಲ್ಲಿ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ; ಊಟ ಸೇರುತ್ತಿಲ್ಲ ಎನ್ನುವುದು ಎಷ್ಟೋ ಸಲ ಅದರ ಮೊದಲ ಸೂಚನೆ. ನೀರು, ಬಿಸಿ, ಸಾಕು, ನೋವು, ಶೌಚ ಎಂಬ ಮಾತುಗಳನ್ನು ಚಿತ್ರದ ಜೊತೆ, ಕನ್ನಡ ಮತ್ತು ಬಂಗಾಳಿ ಎರಡರಲ್ಲೂ ಬರೆದು ಹಾಸಿಗೆಯ ಪಕ್ಕ ಅಂಟಿಸಿ. ಮಾತಿನ ಅಭ್ಯಾಸ ಅವರ ಕನ್ನಡದಲ್ಲೇ ನಡೆಯಲಿ. ಥೆರಪಿಸ್ಟಿಗೆ ಪದಗಳನ್ನು ನೀವು ಹೇಳಿಕೊಡಿ. ಒಂದು ಹೊತ್ತಾದರೂ ಮನೆಮಂದಿಯೆಲ್ಲ ಅವರ ಜೊತೆ ಕೂತು ಉಣ್ಣಿ. ಬಿ.ಟಿ. ರಸ್ತೆಯ ಬನ್‌ಹೂಗ್ಲಿಯಲ್ಲಿರುವ ಕೇಂದ್ರ ಸರ್ಕಾರದ ಚಲನಾಂಗ ವೈಕಲ್ಯ ಸಂಸ್ಥೆಯಲ್ಲಿ ಫಿಸಿಯೋಥೆರಪಿ ಇದೆ. ಅದೇ ಆವರಣದಲ್ಲಿ ಅಲಿ ಯಾವರ್ ಜಂಗ್ ವಾಕ್ ಶ್ರವಣ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಇದೆ. ಮನೆಯವರೇ ಕಲಿತು ಮಾಡಿಸಿದರೆ ಸಾಕು ಎಂದುಕೊಳ್ಳಬೇಡಿ. ಭಾರತದ 14 ಆಸ್ಪತ್ರೆಗಳ 1,250 ರೋಗಿಗಳ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನೆಯವರಿಗೆ ತರಬೇತಿ ಕೊಟ್ಟದ್ದರಿಂದ ಹೆಚ್ಚಿನ ಚೇತರಿಕೆ ಕಾಣಲಿಲ್ಲ.

ಒಮ್ಮೆ ಆದವರಿಗೆ ಮತ್ತೆ ಆಗುವ ಸಂಭವ ಹೆಚ್ಚು. ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದಿಟ್ಟುಕೊಂಡು, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ತಕ್ಷಣ ಹೊರಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ. ದಾರಿಯಲ್ಲಿ ಬಾಯಿಗೆ ನೀರು, ಸಕ್ಕರೆ, ಮಾತ್ರೆ ಏನನ್ನೂ ಹಾಕಬೇಡಿ.