ಸೀಸೆಯ ಹೆಸರುಚೀಟಿ

ಪ್ರಯೋಗಶಾಲೆಯ ಕಪಾಟಿನಲ್ಲಿ ಎರಡು ಸೀಸೆಗಳಿವೆಯೆಂದು ಭಾವಿಸೋಣ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ. ಎರಡೂ ವರ್ಣರಹಿತವಾದುವು. ಹೆಸರುಚೀಟಿ ಉದುರಿಹೋದರೆ ಯಾವುದು ಯಾವುದೆಂದು ಕಣ್ಣು ಹೇಳಲಾರದು. ಆದುದರಿಂದ ಇಂತಹ ಚೀಟಿಗಳನ್ನು ಅಚ್ಚು ಹಾಕಿಸುವ ಮೊದಲು ಮೂರು ವಿಷಯಗಳನ್ನು ವಿಚಾರಿಸುವುದು ಅವಶ್ಯ.

ಮೊದಲನೆಯದು ಅಂಟು. ಅಂಟು ಹಿಡಿಯಬೇಕಾದರೆ ಅದು ಮೇಲ್ಮೈಯನ್ನು ತೋಯಿಸಿ ಹರಡಬೇಕು. ನೀರಿನ ಹನಿಯು ಶುಭ್ರವಾದ ಗಾಜಿನ ಮೇಲೆ ತೆಳುವಾಗಿ ಹರಡುವುದು. ಪಾಲಿಎಥಿಲೀನ್ ಸೀಸೆಯ ಮೇಲಾದರೋ ಮಣಿಯಂತೆ ನಿಲ್ಲುವುದು. ನೀರಿನ ಮೇಲ್ಮೈ ಶಕ್ತಿಯು ಚದರ ಮೀಟರಿಗೆ ಸುಮಾರು 72 ಮಿಲಿಜೌಲ್. ಪಾಲಿಎಥಿಲೀನಿನದು ಸುಮಾರು 31 ಮಾತ್ರ. ಗಾಜನ್ನು ಬಲವಾಗಿ ಹಿಡಿಯುವ ಅಂಟು ಇಂತಹ ಮೇಲ್ಮೈಯಿಂದ ಸುಲಭವಾಗಿ ಸುಲಿದುಬರಬಹುದು. ಸೀಸೆ ಯಾವ ವಸ್ತುವಿನದೆಂಬುದನ್ನು ಮುದ್ರಕರಿಗೆ ಮೊದಲೇ ತಿಳಿಸತಕ್ಕದ್ದು.

ಎರಡನೆಯದು ಅಚ್ಚು. ಲೇಸರ್ ಮುದ್ರಣದ ಅಕ್ಷರಗಳು ಶಾಖದಿಂದ ಕರಗಿ ಅಂಟಿಕೊಂಡ ಪ್ಲಾಸ್ಟಿಕ್ ಪುಡಿಯಲ್ಲದೆ ಬೇರೆಯಲ್ಲ. ಅವು ನೀರಿಗೆ ಜಗ್ಗವು. ಅಸಿಟೋನ್ ತಾಗಿದರೆ ಅಳಿಯುವುವು. ನಮ್ಮ ಕಾಲೇಜಿನಲ್ಲಿ ಒಮ್ಮೆ ಅಸಿಟೋನ್ ಸೀಸೆಯ ಹೆಸರನ್ನು ಅದರೊಳಗಿನ ದ್ರವವೇ ಅಳಿಸಿಹಾಕಿತ್ತು!

ಮೂರನೆಯದು ಹಾಳೆ. ಕಾಗದವು ತೇವವನ್ನು ಹೀರಿ ಉಬ್ಬುವುದು. ಪಾಲಿಯೆಸ್ಟರ್ ಹಾಳೆಗೆ ಆ ದೋಷ ಬಹು ಕಡಮೆ. ಆದರೆ ಪೆಡಸಾದ ಹಾಳೆಯನ್ನು ಕಡಮೆ ವ್ಯಾಸದ ಸೀಸೆಗೆ ಸುತ್ತಿದರೆ, ಅದು ನೆಟ್ಟಗಾಗಲು ಯತ್ನಿಸುವುದರಿಂದ ಅಂಚುಗಳು ಮೇಲೇಳುವುವು.

ಸಾವಿರ ಚೀಟಿಗಳಿಗೆ ಹಣ ಕೊಡುವ ಮುನ್ನ ಹತ್ತನ್ನು ತರಿಸಿರಿ. ಸೀಸೆಗೆ ಅಂಟಿಸಿ ಒಂದು ದಿನ ಬಿಡಿರಿ. ಬಳಿಕ ನೀರನ್ನೂ, ಅಧ್ಯಾಪಕರ ಸಮಕ್ಷಮದಲ್ಲಿ ಒಳಗಿಡುವ ದ್ರವದ ಒಂದು ಹನಿಯನ್ನೂ ಸವರಿ ಪರೀಕ್ಷಿಸಿರಿ. ಹೆಸರು ಉಳಿದರೆ ಮಾತ್ರ ಅದನ್ನು ನಂಬಬಹುದು.